ಎಡಗಡೆಯ ಗೋಡೆ

ಬಾಗಿಲು ಒದ್ದು ಒಳಗೆ ನುಗ್ಗಿದವನು ಕಣ್ಣು ಮಿಟುಕಿಸುವಷ್ಟರಲ್ಲಿ ಎಡಗಡೆ ನಿಂತಿದ್ದ ಹೆಂಗಸಿನ ಎದೆಗೆ ಗುಂಡು ಹಾರಿಸಿದ. ಅವಳ ಕೈಯಲ್ಲಿದ್ದದ್ದು ಮೊಬೈಲು.

ಹೆಂಗಸು ರಟ್ಟಿನವಳಾದ್ದರಿಂದ ಕೂಗಲಿಲ್ಲ, ಬೀಳಲೂ ಇಲ್ಲ. ಎದೆಯಲ್ಲಿ ತೂತು ಹೊತ್ತುಕೊಂಡು, ಮೊದಲಿನಂತೆಯೇ ಮುಗುಳ್ನಗುತ್ತ ನಿಂತಿದ್ದಳು. ಮೇಲಿನ ಅಟ್ಟಣಿಗೆಯಿಂದ ಇದನ್ನೆಲ್ಲ ನೋಡುತ್ತಿದ್ದ ಅಕ್ಕ ಏಣಿ ಇಳಿದು ಬಂದಳು.

ಪೊಲೀಸರ ವಿಶೇಷ ದಳಕ್ಕೆ ತಾಲೀಮು ಕೊಡುವುದು, ಪರೀಕ್ಷೆ ಮಾಡುವುದು ಅವಳ ಕೆಲಸ. ದಳದವರು ಅವಳನ್ನು ‘ಟೀಚರಮ್ಮ’ ಎಂದು ಕರೆಯುತ್ತಿದ್ದರು, ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಮೂಗು ಮುರಿದು. ಗುಂಡು ಹಾರಿಸಿದವನು ಅವಳ ಸ್ವಂತ ತಮ್ಮ. ಒತ್ತೆಯಾಳುಗಳಿರುವ ಮನೆಗೆ ದಳ ನುಗ್ಗುವಾಗ ಎಲ್ಲರಿಗಿಂತ ಮೊದಲು ಬಾಗಿಲು ದಾಟುವವನು ಅವನೇ. ಅದಕ್ಕೇ ಅವನಿಗೆ ‘ಬಾಣ’ ಎಂಬ ಹೆಸರು. ತಮ್ಮನನ್ನು ಅಕ್ಕನೇ ಪರೀಕ್ಷಿಸುವುದು ಸರಿಯೇ ಎಂದು ಮೇಲಧಿಕಾರಿಗಳು ಕೇಳಿದಾಗ ಕಮಾಂಡರ್ ನಕ್ಕುಬಿಟ್ಟಿದ್ದರು: “ಆಕೆ ಬೇರೆಯವರಿಗೆ ಕೊಡೋ ಅಂಕದಲ್ಲಿ ಅರ್ಧ ಕೊಡ್ತಾಳೆ ತಮ್ಮನಿಗೆ. ಅವನ ಹಣೆಬರಹ!”

“ಮೋಸ ಅಕ್ಕ ಇದು,” ಎಂದ ಬಾಣ, ಹೆಲ್ಮೆಟ್ ಕಳಚುತ್ತ. “ಎಡಗಡೆ ಯಾವತ್ತೂ ಬಂದೂಕಿನವನೇ ಇರ್ತಾನೆ. ನೀನು ಬೇಕಂತಲೇ ಜಾಗ ಬದಲಾಯಿಸಿದ್ದೀಯ.”

“ಹೌದು, ಬೇಕಂತಲೇ.”

ಅವಳು ಅವನನ್ನು ಗೋಡೆಯ ಹತ್ತಿರ ಕರೆದೊಯ್ದಳು. ತಾಲೀಮಿನ ಮನೆಯ ಎಡಗೋಡೆಗೆ ಮರದ ದಿಮ್ಮಿ ಜೋಡಿಸಿ, ಹಿಂದೆ ಮರಳು ತುಂಬಿದ ಟೈರುಗಳನ್ನು ಒಟ್ಟಿದ್ದರು. ಎಂಥ ಗುಂಡು ಬಂದರೂ ನುಂಗಿಕೊಳ್ಳುತ್ತಿತ್ತು. ಬಲಗೋಡೆ ಬರೀ ಇಟ್ಟಿಗೆಯದು. ಅದರ ಆಚೆಗೆ ಆಯುಧಗಳನ್ನು ಒರೆಸಿ ಎಣ್ಣೆ ಹಾಕುವ ಕೋಣೆ, ಅಲ್ಲಿ ಸದಾ ಯಾರಾದರೂ ಕೂತಿರುತ್ತಿದ್ದರು. ಬಲಕ್ಕೆ ಗುಂಡು ಹಾರಿಸುವಂತಿರಲಿಲ್ಲ. ಆದ್ದರಿಂದ ದಳ ಹುಟ್ಟಿದ ದಿನದಿಂದ ಬಂದೂಕು ಹಿಡಿದ ಗೊಂಬೆಗಳು ಎಡಕ್ಕೆ. ಮಗು ಎತ್ತಿಕೊಂಡ ತಾಯಿ, ಶಾಲೆಗೆ ಹೋಗುವ ಹುಡುಗಿ, ಕನ್ನಡಕದ ತಾತ ಬಲಕ್ಕೆ. ಎಡಗೋಡೆ ಸಿಡುಬು ಬಂದ ಮುಖದಂತೆ ತೂತುತೂತಾಗಿತ್ತು. ಬಲಗೋಡೆ ಸುಣ್ಣ ಬಳಿದ ದಿನ ಹೇಗಿತ್ತೋ ಹಾಗೇ ಇತ್ತು.

“ನಿಮಗೆ ಮನುಷ್ಯರ ಕೈ ನೋಡೋದನ್ನ ಕಲಿಸ್ತಿದ್ದೀವಿ ಅಂದ್ಕೊಂಡಿದ್ದೆ,” ಎಂದಳು. “ನೀವು ಗೋಡೆ ನೋಡೋದನ್ನ ಕಲ್ತಿದ್ದೀರಿ.”

“ಮೊದಲೇ ಒಂದು ಮಾತು ಹೇಳಿದ್ರೆ ನಾನ್ಯಾಕೆ ಹೊಡೀತಿದ್ದೆ?”

“ಸರಿ. ಈಗ ಹೇಳ್ತಿದ್ದೀನಿ, ಕೇಳು. ಮುಂದಿನ ಸಲವೂ ಎಡಗಡೆ ಇರೋದು ಬಡಪಾಯಿ. ಹೊಡೀಬೇಡ.”

ಬಾಣ ನಕ್ಕ. “ಉತ್ತರ ಹೇಳ್ಕೊಟ್ಟು ಪರೀಕ್ಷೆ ಮಾಡ್ತಾಳೆ ನಮ್ಮಕ್ಕ,” ಎಂದು ಹೆಲ್ಮೆಟ್ ಹಾಕಿಕೊಂಡು ಹೊರಗೆ ಹೋದ. ಅವಳು ರಟ್ಟಿನ ಹೆಂಗಸನ್ನು ತೆಗೆದು ಅಲ್ಲಿ ರಟ್ಟಿನ ತಾತನನ್ನು ನಿಲ್ಲಿಸಿ ಅಟ್ಟಣಿಗೆ ಹತ್ತಿದಳು. ಸೀಟಿ ಊದಿದಳು. ಬಾಗಿಲು ಹಾರಿಬಿತ್ತು. ಬಾಣ ಒಳಗೆ ಬಂದ.

ತಾತನ ಕನ್ನಡಕದ ನಡುವೆ ತೂತು ಬಿತ್ತು.

ಬಾಣ ಬಂದೂಕು ಇಳಿಸಿ, ತನ್ನ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡುತ್ತ ನಿಂತ. ಈ ಸಲ ಮೋಸ ಎನ್ನಲಿಲ್ಲ.

“ಅಕ್ಕ,” ಎಂದ ಸಣ್ಣ ದನಿಯಲ್ಲಿ, “ಇದನ್ನ ಯಾರಿಗೂ ಹೇಳ್ಬೇಡ.”

ಅವಳು ಉತ್ತರ ಕೊಡುವ ಮೊದಲೇ ಅಂಗಳದಲ್ಲಿ ಕರೆಗಂಟೆ ಹೊಡೆದುಕೊಂಡಿತು. ಈ ಸಲದ್ದು ತಾಲೀಮಿನ ಗಂಟೆಯಲ್ಲ.

*

ಸುದ್ದಿ ಹೀಗಿತ್ತು. ಹಳೆಯದೊಂದು ವಸತಿ ಕಟ್ಟಡದ ಮೇಲಿನ ಮಹಡಿಯಲ್ಲಿ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬ ತನ್ನ ಮಾವನನ್ನು, ಎಂದರೆ ಹೆಂಡತಿಯ ತಂದೆಯನ್ನು, ಮನೆಯಲ್ಲಿ ಕೂಡಿಹಾಕಿಕೊಂಡು ಬಾಗಿಲು ಹಾಕಿದ್ದಾನೆ. ಕೈಯಲ್ಲಿ ಬೇಟೆಯ ಬಂದೂಕು. ಒಂದು ಸಲ ಗುಂಡು ಹಾರಿದ ಸದ್ದು ಕೇಳಿದೆ.

ಕಾರಣ ತಿಳಿದಾಗ ದಳದ ವ್ಯಾನಿನಲ್ಲಿ ಕೂತವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಮುದುಕನನ್ನು ಆರೈಕೆಯ ಮನೆಗೆ ಸೇರಿಸಲು ಅವನ ಮಗ ಬೆಳಿಗ್ಗೆ ಆಂಬುಲೆನ್ಸ್ ತಂದಿದ್ದ. ಇಷ್ಟು ದಿನ ನೋಡಿಕೊಂಡವನು ನಾನು, ಕಳಿಸುವುದಿಲ್ಲ ಎಂದು ಅಳಿಯ ಜಗಳಕ್ಕೆ ನಿಂತ. ಮಾತು ಬೆಳೆದು, ಮುದುಕನದೇ ಹಳೆಯ ಬಂದೂಕು ಹೊರಬಂದಿತ್ತು.

“ಮಾವನನ್ನ ಕರ್ಕೊಂಡು ಹೋಗಿ ಅಂತ ಬಂದೂಕು ಹಿಡಿಯೋ ಅಳಿಯ ಇರ್ಬಹುದು,” ಎಂದ ಬೀರು. “ಬಿಟ್ಟುಕೊಡಲ್ಲ ಅಂತ ಹಿಡಿದವನನ್ನ ನಾನು ಇದೇ ಮೊದಲು ಕೇಳ್ತಿರೋದು.”

ಬೀರು ದಳದ ಗುರಾಣಿ ಹಿಡಿಯುವವನು. ಕಬ್ಬಿಣದ ಬೀರುವಿನಷ್ಟೇ ಅಗಲ, ಅಷ್ಟೇ ಭಾರ. ಎಲ್ಲರೂ ನಕ್ಕರು. ಬಾಣ ಮಾತ್ರ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ.

ಕಟ್ಟಡದ ಕೆಳಗೆ ಇಳಿದ ಕೂಡಲೇ ಕಮಾಂಡರ್ ಕೆಲಸ ಶುರುಮಾಡಿದರು. ನೆರೆಯವರನ್ನು ಹೊರಗೆ ಕಳಿಸಿ, ಮೇಲಿನ ಮನೆಯ ಕರೆಂಟು ನಿಲ್ಲಿಸಿ, ನೀರು ನಿಲ್ಲಿಸಿ, ಮಾತುಗಾರನಿಗೆ ಫೋನು ಕೊಟ್ಟರು. ಕೂಗಾಡುವವರನ್ನು ಮಾತಿನಲ್ಲೇ ತಣ್ಣಗಾಗಿಸುವುದು ಆ ಅಧಿಕಾರಿಯ ವಿದ್ಯೆ. ಒಳಗಿದ್ದವನು ಮೊದಲು ಬೈದ, ಆಮೇಲೆ ಅತ್ತ, ಆಮೇಲೆ ನಿಧಾನಕ್ಕೆ ಮಾತಾಡತೊಡಗಿದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಮಾತಿನ ನಡುವೆಯೇ, “ಸ್ವಲ್ಪ ಇರಿ” ಎಂದು ಫೋನು ಕೆಳಗಿಟ್ಟ. ಮತ್ತೆ ಎತ್ತಲಿಲ್ಲ.

ಮಾತುಗಾರ ಕರೆದ, ಕೂಗಿದ, ಧ್ವನಿವರ್ಧಕದಲ್ಲಿ ಬೇಡಿಕೊಂಡ. ಮೇಲಿನಿಂದ ಪಿಟ್ಟೆಂಬ ಸದ್ದಿಲ್ಲ.

ಕಮಾಂಡರ್ ಮೀಸೆಯ ಮೇಲೆ ಬೆರಳಾಡಿಸಿದರು. ದಳದವರೆಲ್ಲ ಆ ಬೆರಳನ್ನು ಬಲ್ಲರು. ಎದ್ದುನಿಂತು ಪಟ್ಟಿ ಬಿಗಿದುಕೊಂಡರು.

*

ಅದೇ ಹೊತ್ತಿನಲ್ಲಿ ಟೀಚರಮ್ಮ ವ್ಯಾನಿನ ನೆರಳಿನಲ್ಲಿ ಮೆಕ್ಯಾನಿಕ್ಕನ ಹೆಂಡತಿಯ ಪಕ್ಕ ಕೂತಿದ್ದಳು. ಆಕೆ ಅಳುತ್ತಿರಲಿಲ್ಲ. ಮಡಿಲಲ್ಲಿದ್ದ ಕರವಸ್ತ್ರವನ್ನು ಮಡಿಸುತ್ತ, ಬಿಡಿಸುತ್ತ ಇದ್ದಳು.

“ಬಾಗಿಲು ತೆಗೆದ್ರೆ ಮೊದಲು ಏನು ಕಾಣ್ಸುತ್ತಮ್ಮ?”

“ಹಾಲ್. ಅಪ್ಪನ ಮಂಚ ಅಲ್ಲೇ ಹಾಕಿದ್ದೀವಿ. ಒಳಗಿನ ಕೋಣೆಯಲ್ಲಿ ಗಾಳಿ ಆಡಲ್ಲ ಅಂತ.”

“ಯಾವ ಕಡೆ?”

“ಬಾಗಿಲ ಪಕ್ಕಕ್ಕೇ. ಒಳಗೆ ಹೋಗೋವಾಗ ಎಡಗಡೆ.”

ಟೀಚರಮ್ಮ ಆಕೆಯ ಕಡೆ ತಿರುಗಿ ಕೂತಳು. “ನಿಮ್ಮಪ್ಪ ಎದ್ದು ಓಡಾಡ್ತಾರಾ?”

“ಎಲ್ಲಿಂದ ಬಂತು! ಮಗ್ಗುಲು ಬದಲಾಯಿಸೋದೂ ನಾವೇ. ಬಲಗೈ ಒಂದು ಆಡುತ್ತೆ. ಯಾರು ಬಂದ್ರೂ ಕೋಲು ಎತ್ತಿ ತೋರಿಸ್ತಾರೆ, ಯಾರು ನೀನು ಅಂತ ಕೇಳೋ ಹಾಗೆ. ಮಾತು ಹೋದ ಮೇಲೆ ಅದೇ ಅವರ ಮಾತು.” ಆಕೆ ಒಮ್ಮೆಲೇ ತಲೆಯೆತ್ತಿ ಕಟ್ಟಡದ ಗೋಡೆಯ ಮೇಲಿನ ಕೊಳಾಯಿಯನ್ನು ನೋಡಿದಳು. “ನೀರು ನಿಲ್ಲಿಸಿದ್ದೀರಾ? ಈಗ ಅಪ್ಪನ್ನ ತೊಳೆಯೋ ಹೊತ್ತು.”

ಟೀಚರಮ್ಮ ಎದ್ದು ನೇರ ಕಮಾಂಡರ್ ಬಳಿ ಹೋದಳು. ಅವರು ಮೆಟ್ಟಿಲ ಬುಡದಲ್ಲಿ ದಳವನ್ನು ಸಾಲಾಗಿ ನಿಲ್ಲಿಸುತ್ತಿದ್ದರು.

“ಸರ್, ಈಗ ಒಳಗೆ ನುಗ್ಗಬಾರದು.”

“ಕಾರಣ?”

“ಮುದುಕನ ಮಂಚ ಎಡಕ್ಕಿದೆ. ಬಾಗಿಲು ತೆಗೆದವರ ಕಡೆ ಕೋಲು ಎತ್ತುತ್ತಾನಂತೆ. ಕರೆಂಟಿಲ್ಲದ ಮನೆ, ಎಡಗಡೆ ಉದ್ದನೆಯದೊಂದು ಮೇಲೇಳುತ್ತೆ. ನಮ್ಮವರು ಹೊಡೆದುಬಿಡ್ತಾರೆ ಸರ್.”

“ಹೇಳಿದ್ರಾಯ್ತಲ್ಲ.” ಕಮಾಂಡರ್ ಸಾಲಿನ ಕಡೆ ತಿರುಗಿದರು. “ಎಲ್ಲರೂ ಕೇಳಿ! ಎಡಗಡೆ ಮುದುಕ, ಕೈಯಲ್ಲಿ ಕೋಲು. ಹೊಡೀಬೇಡಿ. ತಿಳೀತಾ?”

“ತಿಳೀತು ಸರ್,” ಎಂದಿತು ಸಾಲು.

“ಹೇಳೋದ್ರಿಂದ ಆಗಲ್ಲ ಸರ್. ಬೆಳಿಗ್ಗೆ ನಾನೂ ಹೇಳಿದ್ದೆ.”

ಹಾಗೆಂದ ಮೇಲೆ ಅವಳು ತಮ್ಮನ ಮುಖ ನೋಡಲಿಲ್ಲ. ದನಿ ತಗ್ಗಿಸಿ, ತಾಲೀಮಿನ ಮನೆಯಲ್ಲಿ ನಡೆದದ್ದನ್ನು ಹೇಳಿದಳು. ಗೋಡೆಯ ವಿಷಯವನ್ನೂ ಹೇಳಿದಳು. ಕಮಾಂಡರ್ ಮುಖ ಗಂಟಿಕ್ಕಿತು. ಆ ಗೋಡೆ ಅವರದು. ದಳಕ್ಕೆ ತಾಲೀಮಿನ ಮನೆಯೇ ಇಲ್ಲದ ಕಾಲದಲ್ಲಿ ಹಳೆಯ ಟೈರುಗಳನ್ನು ಬೇಡಿ ತಂದು, ಮರಳು ಹೊತ್ತು, ತಾವೇ ನಿಂತು ಕಟ್ಟಿಸಿದ್ದು.

“ನೋಡಿ ಮೇಡಂ. ಅದು ರಟ್ಟು, ಇದು ಮನುಷ್ಯ. ನಿಜವಾದ ಮನುಷ್ಯ ಎದುರಿಗೆ ಬಂದಾಗ ನನ್ನ ಹುಡುಗರ ಕಣ್ಣು ಬೇರೆ ಥರ ತೆರೆಯುತ್ತೆ.”

“ಬಲಪ್ರಯೋಗ ಕೊನೆಯ ದಾರಿ ಅಂತ ನಮ್ಮ ನಿಯಮಾನೇ ಹೇಳುತ್ತೆ. ಇನ್ನೂ ಮಾತಿನ ದಾರಿ ಮುಚ್ಚಿಲ್ಲ. ಅವನು ಮುದುಕನನ್ನ ತೊಳೆಯೋಕೆ ಹೋಗಿರಬಹುದು.”

“ಇರಬಹುದು! ಒಳಗಿನವರ ಪ್ರಾಣಕ್ಕೆ ಅಪಾಯ ಇದ್ರೆ ತಡಮಾಡಬಾರದು ಅಂತಲೂ ಅದೇ ನಿಯಮ ಹೇಳುತ್ತೆ. ಗುಂಡು ಹಾರಿದೆ, ಈಗ ಸದ್ದಿಲ್ಲ. ನಿಮ್ಮ ‘ಇರಬಹುದು’ ನಂಬ್ಕೊಂಡು ನಾನು ಕೂತು, ಆ ಮುದುಕ ಅಲ್ಲಿ ಸತ್ತುಬಿದ್ದಿದ್ರೆ? ಅವನ ಮಗಳಿಗೆ ನೀವು ಉತ್ತರ ಹೇಳ್ತೀರಾ?”

ಅವರ ಮಾತೂ ಸುಳ್ಳಲ್ಲ, ಕಷ್ಟವಾಗಿದ್ದದ್ದೇ ಅದು. “ಹಾಗಾದ್ರೆ ಬಾಣನನ್ನಾದ್ರೂ ಮುಂದೆ ನಿಲ್ಲಿಸಬೇಡಿ,” ಎಂದಳು.

“ಯಾರನ್ನ ನಿಲ್ಲಿಸಲಿ? ಎಲ್ಲರೂ ಅದೇ ಮನೆಯಲ್ಲೇ ಕಲ್ತವರು ಅಂತ ನೀವೇ ಹೇಳ್ತಿದ್ದೀರಿ.” ಕಮಾಂಡರ್ ಸಾಲಿನ ತುದಿಗೆ ಹೋಗಿ ನಿಂತರು. “ಅವನನ್ನೇ ಕೇಳೋಣ. ಏನಪ್ಪ ಬಾಣ? ನಿಮ್ಮಕ್ಕ ನಿನ್ನ ಕೈಲಿ ಆಗಲ್ಲ ಅಂತಾರೆ. ಆಗುತ್ತೋ ಇಲ್ಲವೋ?”

ಸಾಲಿನಲ್ಲಿ ಎಲ್ಲರ ಕತ್ತೂ ತಿರುಗಿತು. ಯಾರೋ ಕಿಸಕ್ಕೆಂದರು. ಬಾಣನ ಕಿವಿ ಕೆಂಪಾಯಿತು.

“ಆಗುತ್ತೆ ಸರ್. ನಾನು ರೆಡಿ.”

“ಕೇಳಿದ್ರಲ್ಲ ಮೇಡಂ,” ಎಂದು ಕಮಾಂಡರ್ ವಾಕಿಟಾಕಿ ಕೈಗೆತ್ತಿಕೊಂಡರು.

ಅವಳ ಬಳಿ ಉಳಿದಿದ್ದದ್ದು ಒಂದೇ ದಾರಿ, ಅದೂ ಅವಳ ಕೈಯಲ್ಲಿರಲಿಲ್ಲ. ದಳದ ನಿಯಮದಲ್ಲಿ ಒಂದು ಮಾತಿತ್ತು: ಸಾಲಿನಲ್ಲಿರುವ ಯಾರೇ ಆಗಲಿ, ನಿನ್ನೆ ಸೇರಿದವನೇ ಆಗಲಿ, ‘ತಡೆ’ ಎಂದರೆ ಎಲ್ಲರೂ ನಿಂತು ಹಿಂದೆ ಸರಿಯಬೇಕು. ಕಾರಣ ಕೇಳುವುದು ಆಮೇಲೆ. ತಾಲೀಮಿನಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಿದ್ದಳು. ನಿಜವಾದ ಕೆಲಸದಲ್ಲಿ ಈವರೆಗೆ ಯಾರೂ ಅದನ್ನು ಬಾಯಿಂದ ಹೊರಡಿಸಿರಲಿಲ್ಲ. ತಡೆ ಎಂದವನು ಇಡೀ ದಳಕ್ಕೆ ಊಟ ಹಾಕಿಸಬೇಕೆಂದು ಬೀರು ಕಾನೂನು ಮಾಡಿದ್ದ. ತಮಾಷೆಯ ಒಳಗೆ ಇದ್ದದ್ದು ಒಂದೇ ಅರ್ಥ: ಹೆದರಿದವನು ತಡೆ ಎನ್ನುತ್ತಾನೆ.

ಮತ್ತು ಅವಳು ಸಾಲಿನಲ್ಲಿರಲಿಲ್ಲ. ಹೊರಗಿನವರ ದನಿ ಕಿವಿಗೆ ಬಿದ್ದರೆ ಒಳಗೆ ಹೋಗುವವರು ಗಲಿಬಿಲಿಯಾಗುತ್ತಾರೆಂದು ಅವರ ವಾಕಿಟಾಕಿಗೆ ಹೊರಗಿನಿಂದ ಯಾರೂ ಮಾತಾಡುವಂತಿರಲಿಲ್ಲ.

ಅವಳು ತಮ್ಮನ ಬಳಿ ಹೋಗಿ, ಗದ್ದದ ಕೆಳಗೆ ಸಡಿಲವಾಗಿದ್ದ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದು ಸರಿಮಾಡಿದಳು. ಶಾಲೆಗೆ ಕಳಿಸುವಾಗ ಅವನ ಕೊರಳ ಗುಂಡಿ ಹಾಕುತ್ತಿದ್ದಾಗಲೂ ಅವನು ಹೀಗೇ ಬೇರೆಲ್ಲೋ ನೋಡುತ್ತಿದ್ದ.

“ಮರ್ಯಾದೆ ತೆಗೆದ್ಯಲ್ಲ ಅಕ್ಕ, ಎಲ್ಲರ ಮುಂದೆ,” ಎಂದ ಹಲ್ಲು ಕಚ್ಚಿ.

“ತೆಗೆದೆ. ಪುಟ್ಟ, ಬಾಗಿಲ ಹತ್ರ ಹೋದ ಮೇಲೆ ನನ್ನ ಮಾತು ನಂಬಬೇಡ. ಸರ್ ಮಾತೂ ನಂಬಬೇಡ. ನಿನ್ನ ಕೈ ಏನು ಮಾಡ್ತಿದೆ, ಅದನ್ನ ನೋಡು.”

*

ದಳ ಮೆಟ್ಟಿಲು ಹತ್ತಿತು. ಟೀಚರಮ್ಮ ವ್ಯಾನಿಗೆ ಮರಳಿ, ಕೇಳುವುದಕ್ಕಷ್ಟೇ ಬರುವ ವಾಕಿಟಾಕಿಯನ್ನು ಕಿವಿಗೆ ಹಿಡಿದಳು. ಮೆಕ್ಯಾನಿಕ್ಕನ ಹೆಂಡತಿ ಅವಳ ತೋಳನ್ನು ಭದ್ರವಾಗಿ ಹಿಡಿದುಕೊಂಡಳು. ಆ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯ ಅವಳಿಗಾಗಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಈಕೆಯ ತಂದೆಯನ್ನು ತನ್ನ ತಮ್ಮ ಕೊಲ್ಲಬಹುದು. ಕೊಂದರೆ ಇಬ್ಬರೂ ಮುಗಿದಂತೆ, ಒಬ್ಬ ಮಂಚದ ಮೇಲೆ, ಇನ್ನೊಬ್ಬ ಬದುಕಿದ್ದೂ.

ವಾಕಿಟಾಕಿ ಕರಕರ ಎಂದಿತು. ಬೂಟುಗಳ ಮೆತ್ತನೆಯ ಸದ್ದು. ಬೀರುವಿನ ಏದುಸಿರು. ಆಮೇಲೆ ಕಮಾಂಡರ್ ಪಿಸುದನಿ: “ಬಾಗಿಲು ತಲುಪಿದ್ದೀವಿ. ಸುತ್ತಿಗೆ ಮುಂದಕ್ಕೆ.”

ಬೂಟುಗಳ ಸದ್ದು ನಿಂತಿತು.

“ಬೀರು?”

“ತಯಾರ್.”

“ಬಾಣ?”

ಉತ್ತರ ಬರಲಿಲ್ಲ.

“ಬಾಣ, ತಯಾರಾ?”

ವಾಕಿಟಾಕಿಯಲ್ಲಿ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಟೀಚರಮ್ಮ ಕಣ್ಣು ಮುಚ್ಚಿದಳು.

“ತಡೆ,” ಎಂದಿತು ಒಂದು ದನಿ.

“ಏನಂದೆ?”

“ತಡೆ ಸರ್. ತಡೆ, ತಡೆ!”

ಬೈಗುಳವೊಂದು ಅರ್ಧಕ್ಕೆ ನಿಂತಿತು. ನಿಯಮ ನಿಯಮವೇ. ಅದನ್ನು ಬರೆದವರೂ ಕಮಾಂಡರೇ. “ಎಲ್ಲರೂ ಹಿಂದಕ್ಕೆ. ಮೆಟ್ಟಿಲ ತಿರುವಿಗೆ,” ಎಂದರು, ಹಲ್ಲುಗಳ ನಡುವಿನಿಂದ. ಬೂಟುಗಳು ಇಳಿದವು. “ಈಗ ಬೊಗಳು, ಯಾಕೆ?”

ಬಾಣ ಉತ್ತರ ಹೇಳುವಷ್ಟರಲ್ಲಿ ಮೇಲೆ ಚಿಲಕ ಸರಿದ ಸದ್ದಾಯಿತು.

ಗುರಾಣಿಯ ಹಿಂದಿನಿಂದ ಎಲ್ಲ ಬಂದೂಕುಗಳೂ ಬಾಗಿಲ ಕಡೆ ತಿರುಗಿದವು. ಬಾಗಿಲು ತೆರೆಯಿತು. ಅಂಗಿಯ ತೋಳು ಮಡಿಸಿಕೊಂಡ ಒಬ್ಬ ಸಣಕಲು ಮನುಷ್ಯ ಹೊರಗೆ ಬಂದ. ಒಂದು ಕೈಯಲ್ಲಿ ಖಾಲಿ ಬಕೆಟ್ಟು. ಇನ್ನೊಂದು ಕೈಯಲ್ಲಿ ಸೋಪು. ತಿರುವಿನಲ್ಲಿದ್ದ ಬಂದೂಕುಗಳು ಇನ್ನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

“ಯಾರ್ರೀ ನೀರು ನಿಲ್ಲಿಸಿದ್ದು?” ಎಂದು ಮೆಟ್ಟಿಲ ಕಡೆ ಬಾಗಿ ಕೂಗಿದ. “ಮಾವನ್ನ ಅರ್ಧ ತೊಳೆದಿದ್ದೀನಿ. ಹಾಗೇ ಬಿಡೋಕಾಗುತ್ತಾ? ನಿಮ್ಮ ಮನೇಲಿ ಹಿರಿಯರಿಲ್ವಾ?”

ಬೀರು ಗುರಾಣಿಯ ಕಿಂಡಿಯಿಂದ ಅವನನ್ನು ಮೇಲಿಂದ ಕೆಳಗೆ ನೋಡಿದ. “ಬಕೆಟ್ಟು ಕೆಳಗಿಡಿ. ಸೋಪೂ ಇಡಿ. ಎರಡೂ ಕೈ ಮೇಲೆತ್ತಿ.”

ಆಗ ಅವನಿಗೆ ಬಂದೂಕುಗಳು ಕಂಡವು. ಮುಖ ಸುಣ್ಣದಂತಾಯಿತು. ಸೋಪು ಕೈಜಾರಿ ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿಯುತ್ತ ಬಂದು ಕಮಾಂಡರ್ ಬೂಟಿನ ಬಳಿ ನಿಂತಿತು.

“ನಿನ್ನ ಬಂದೂಕು ಎಲ್ಲಿ?” ಎಂದರು ಕಮಾಂಡರ್.

“ಮಂಚದ ಕೆಳಗೆ. ಗುಂಡು ಇದ್ದದ್ದೇ ಒಂದು. ಸೂರಿಗೆ ಹೊಡೆದೆ. ತಪ್ಪಾಯ್ತು.”

ಅವನ ಕೈಗೆ ಕೋಳ ಬಿತ್ತು. ಗುಂಡು ಹಾರಿಸಿದವನು ಗುಂಡು ಹಾರಿಸಿದವನೇ. ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಅವನು ಅದಕ್ಕೆ ಎದುರಾಡಲಿಲ್ಲ. ಕೆಳಗಿಳಿಯುವಾಗ ಹೆಂಡತಿಯನ್ನು ಕಂಡು ಹೇಳಿದ್ದು ಒಂದೇ ಮಾತು: “ಬೆನ್ನು ಒರೆಸಿಲ್ಲ, ಬೇಗ ಹೋಗು.”

ನೀರು ಬಂತು. ಟೀಚರಮ್ಮ ಆಕೆಯ ಜೊತೆ ಮೇಲೆ ಹೋದಳು. ಬಾಗಿಲಲ್ಲಿ ಬಾಣ ನಿಂತಿದ್ದ, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು. ಒಳಗೆ ಅರೆಗತ್ತಲು. ಎಡಗಡೆಯ ಮಂಚದಿಂದ ಕಪ್ಪನೆಯ ಕೋಲೊಂದು ಮೆಲ್ಲಗೆ ಮೇಲೆದ್ದು ನೇರ ಅವನ ಎದೆಯತ್ತ ತಿರುಗಿ ನಿಂತಿತು.

“ಪೊಲೀಸ್ ಅಜ್ಜ,” ಎಂದ ಬಾಣ. “ನಾನು ಪೊಲೀಸ್.”

ಮುದುಕ ಸ್ವಲ್ಪ ಹೊತ್ತು ಅವನನ್ನು ನೋಡಿ, ಕೋಲು ಇಳಿಸಿದ.

ಮೆಟ್ಟಿಲಲ್ಲಿ ಇಳಿಯುವಾಗ ಬಾಣ ಅಕ್ಕನಿಗೆ ಹೇಳಿದ: “ಬಾಗಿಲು ಇನ್ನೂ ಮುಚ್ಚೇ ಇತ್ತು ಅಕ್ಕ. ಒಳಗೆ ಏನೂ ಕಾಣ್ತಿರಲಿಲ್ಲ. ಆದ್ರೂ ನೋಡ್ತೀನಿ, ಬಂದೂಕಿನ ನಳಿಗೆ ಆಗಲೇ ಎಡಕ್ಕೆ ತಿರುಗಿ ನಿಂತಿದೆ. ನಾನು ತಿರುಗಿಸಿರಲಿಲ್ಲ.”

*

ಮರುದಿನ ಕಮಾಂಡರ್ ತಾಲೀಮಿನ ಮನೆಗೆ ಒಬ್ಬರೇ ಬಂದರು. ರಾತ್ರಿ ನಿದ್ದೆ ಮಾಡಿದವರಂತೆ ಕಾಣಲಿಲ್ಲ.

“ನಿಮ್ಮ ತಮ್ಮನ ಅಧೈರ್ಯಕ್ಕೆ ನನ್ನ ಗೋಡೆ ಹೊಣೆ ಅಲ್ಲ,” ಎಂದರು. “ಗೊಂಬೆ ನಿಲ್ಲಿಸಿ. ನಾನೇ ಹೋಗ್ತೀನಿ.”

“ಎಡಗಡೆ ತಾತ ಇರ್ತಾನೆ ಸರ್. ಹೊಡೀಬೇಡಿ.”

“ಗೊತ್ತು ಬಿಡಿ.”

ಅವಳು ಅಟ್ಟಣಿಗೆ ಹತ್ತಿ ಸೀಟಿ ಊದಿದಳು. ಬಾಗಿಲು ಬಿತ್ತು, ಗುಂಡು ಹಾರಿತು. ಹೊಗೆ ಕರಗಿದಾಗ ಕಮಾಂಡರ್ ಗೊಂಬೆಯ ಎದುರು ನಿಂತಿದ್ದರು. ತಾತನ ಕನ್ನಡಕದ ನಡುವೆ ಬಾಣ ಹೊಡೆದ ತೂತಿನ ಪಕ್ಕಕ್ಕೇ, ಅಂಟಿಕೊಂಡಂತೆ, ಇನ್ನೊಂದು ತೂತು. ಅವರು ಬೆರಳಿನಿಂದ ಅದನ್ನು ಮುಟ್ಟಿನೋಡಿದರು.

“ಆ ಕಡೆ ಕೋಣೆಯವರನ್ನ ಬೇರೆ ಕಡೆ ಕಳಿಸಿ,” ಎಂದರು ಕೊನೆಗೆ. “ಬಲಗೋಡೆಗೂ ಟೈರು ಹಾಕಿಸೋಣ. ಅಲ್ಲೀವರೆಗೆ ದಳ ಕೆಲಸಕ್ಕಿಲ್ಲ. ಪಕ್ಕದ ಜಿಲ್ಲೆಯವರು ನೋಡ್ಕೋತಾರೆ. ಮೇಲಿನವರಿಗೆ ನಾನು ಹೇಳ್ತೀನಿ.” ಬಾಗಿಲವರೆಗೆ ಹೋದವರು ತಿರುಗಿದರು. “ನನ್ನನ್ನೂ ಫೇಲ್ ಅಂತಲೇ ಬರೀರಿ.”

“ಬರೀತೀನಿ ಸರ್.”

ಹೊರಗೆ ದಳದವರು ಮರಳು ಜರಡಿ ಹಿಡಿಯುತ್ತಿದ್ದರು. ಬಾಣ ಟೈರೊಂದನ್ನು ಉರುಳಿಸಿಕೊಂಡು ಅಕ್ಕನ ಬಳಿ ಬಂದ.

“ನನ್ನದು?”

“ಫೇಲ್.”

“ಅಮ್ಮನಿಗೆ ನೀನೇ ಹೇಳ್ಬೇಕು.”

“ಹೇಳಿಯಾಯ್ತು. ಇನ್ನು ಸ್ವಲ್ಪ ದಿನ ಹೊತ್ತಿಗೆ ಸರಿಯಾಗಿ ಮನೆಗೆ ಬರ್ತಾನಲ್ಲ ಅಂದ್ಳು.”

ಮರಳಿನ ಗುಡ್ಡೆಯ ಮೇಲಿನಿಂದ ಬೀರು ಸಲಿಕೆ ಊರಿ ನಿಂತು ಗಂಟಲು ಸರಿಮಾಡಿಕೊಂಡ. ಎಲ್ಲರೂ ಕೆಲಸ ನಿಲ್ಲಿಸಿದರು.

“ಏನಪ್ಪ ಬಾಣ,” ಎಂದ. “ಕಾನೂನು ಅಂದ್ರೆ ಕಾನೂನು. ಊಟ ಯಾವತ್ತು?”

ಬಾಣ ಟೈರನ್ನು ಬಲಗೋಡೆಗೆ ಒರಗಿಸಿ, ಕೈ ಕೊಡವಿಕೊಂಡ.

“ಇವತ್ತೇ,” ಎಂದ. “ಎಲ್ಲರೂ ಬನ್ನಿ.”